ಶೀಶೆ ನಿಂತಿದೆಯೋ, ಮಲಗಿದೆಯೋ: ಇಂಗ್ಲಿಷ್‌ನ ನಾನಾರ್ಥ ಪದಗಳು ಸ್ವೀಡಿಷ್‌ಗೆ ಬರುವಾಗ

ಔಷಧದ ಶೀಶೆಯನ್ನು ಫ್ರಿಜ್‌ನಲ್ಲಿಡಿ ಎಂದು ಹೇಳಲು ಇಂಗ್ಲಿಷ್‌ಗೆ ‘ಪುಟ್’ ಎಂಬ ಒಂದು ಕ್ರಿಯಾಪದ ಸಾಕು. ಅದೇ ಸೂಚನೆಯನ್ನು ಸ್ವೀಡಿಷ್‌ನಲ್ಲಿ ಬರೆಯಬೇಕಾದವರಿಗೆ ಆ ಶೀಶೆ ಫ್ರಿಜ್‌ನೊಳಗೆ ನೆಟ್ಟಗೆ ನಿಲ್ಲುತ್ತದೆಯೋ, ಅಡ್ಡವಾಗಿ ಮಲಗಿರುತ್ತದೆಯೋ ಎಂಬುದು ಮೊದಲು ತಿಳಿದಿರಬೇಕು. ನಿಲ್ಲಿಸುವುದಾದರೆ ‘ಸ್ತೆಲ್ಲ’, ಅಡ್ಡ ಮಲಗಿಸುವುದಾದರೆ ‘ಲೆಗ್ಗ’, ಸೂಜಿಯನ್ನು ಸಿರಿಂಜಿಗೆ ಸಿಕ್ಕಿಸುವುದೋ ಲೇಬಲನ್ನು ಅಂಟಿಸುವುದೋ ಆದರೆ ‘ಸೆತ್ತ’. ಸ್ವೀಡಿಷ್‌ನಲ್ಲಿ ಪುಸ್ತಕ ಕಪಾಟಿನಲ್ಲಿ ನಿಲ್ಲುತ್ತದೆ, ಮೇಜಿನ ಮೇಲೆ ಮಲಗುತ್ತದೆ, ಊಟದ ತಟ್ಟೆ ಎಷ್ಟೇ ಚಪ್ಪಟೆಯಾಗಿದ್ದರೂ ತನ್ನ ತಳದ ಮೇಲೆ ಇರುವುದರಿಂದ ನಿಂತಿದೆ ಎಂದೇ ಲೆಕ್ಕ, ಊರುಗಳೆಲ್ಲ ಮಲಗಿರುತ್ತವೆ. ಕೆಲವು ಔಷಧಗಳ ಶೀಶೆಯನ್ನು ನೆಟ್ಟಗೇ ಇಡಬೇಕೆಂಬ ನಿಯಮವಿರುವಾಗ ಈ ಆಯ್ಕೆ ಕೇವಲ ಶೈಲಿಯ ವಿಷಯವಾಗಿ ಉಳಿಯುವುದಿಲ್ಲ.

ಔಷಧಗಳ ಮಾಹಿತಿಪತ್ರ, ರೋಗಿಗಳು ತುಂಬುವ ಪ್ರಶ್ನಾವಳಿ ಮತ್ತು ತಂತ್ರಾಂಶದ ಪಠ್ಯಗಳನ್ನು ಇಂಗ್ಲಿಷ್‌ನಿಂದ ಸ್ವೀಡಿಷ್‌ಗೆ ತರುವುದು ನನ್ನ ವೃತ್ತಿ. ಒಂದು ಪದಕ್ಕೆ ಹಲವು ಅರ್ಥಗಳಿದ್ದರೆ ನಿಘಂಟು ನೋಡಿ ಸರಿಯಾದದ್ದನ್ನು ಆರಿಸಿಕೊಳ್ಳಬಹುದಲ್ಲ ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಭಾವಿಸುತ್ತಾರೆ. ಸ್ವೀಡಿಷ್‌ಗೆ ನಿಘಂಟುಗಳ ಕೊರತೆಯೇನೂ ಇಲ್ಲ. 1786ರಲ್ಲಿ ಸ್ಥಾಪನೆಯಾದ ಸ್ವೀಡಿಷ್ ಅಕಾಡೆಮಿ ತನ್ನ ಬೃಹತ್ ಐತಿಹಾಸಿಕ ನಿಘಂಟಿನ ಮೊದಲ ಸಂಪುಟವನ್ನು 1898ರಲ್ಲಿ ಹೊರತಂದು, ಕೊನೆಯ ಸಂಪುಟವನ್ನು 2023ರಲ್ಲಿ ಮುಗಿಸಿತು. ಅಕಾಡೆಮಿಯ ನಿಘಂಟುಗಳನ್ನು ಇಂದು ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಸ್ವೀಡಿಷ್ ಪದವೊಂದರ ಅರ್ಥದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ಅವು ಅಚ್ಚುಕಟ್ಟಾಗಿ ತೋರಿಸುತ್ತವೆ. ಆದರೆ ಮೂಲ ಲೇಖಕರ ಮನಸ್ಸಿನಲ್ಲಿದ್ದ ವಸ್ತು, ವ್ಯಕ್ತಿ, ಸಂದರ್ಭ ಯಾವುದು ಎಂಬುದನ್ನು ಯಾವ ನಿಘಂಟೂ ಹೇಳಲಾರದು. ಇಂಗ್ಲಿಷ್ ಹೇಳದೆ ಬಿಡಬಹುದಾದ ಸಂಗತಿಯನ್ನು ಸ್ವೀಡಿಷ್ ಹೇಳಲೇಬೇಕೆಂದು ಒತ್ತಾಯಿಸುವ ಕಡೆಗಳಲ್ಲಿ ಉತ್ತರ ಭಾಷೆಯ ಹೊರಗಿರುತ್ತದೆ, ಅದನ್ನು ಬಲ್ಲವರನ್ನು ಕೇಳಿಯೇ ಪಡೆಯಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಒತ್ತಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ‘ಥಿಂಕ್’ ಎಂಬ ಪದದಲ್ಲಿ. ಅದಕ್ಕೆ ಸ್ವೀಡಿಷ್‌ನಲ್ಲಿ ಮುಖ್ಯವಾಗಿ ಮೂರು ಕ್ರಿಯಾಪದಗಳಿವೆ. ಮನಸ್ಸಿನಲ್ಲಿ ಯೋಚಿಸುವುದು ಅಥವಾ ಏನನ್ನಾದರೂ ಮಾಡಬೇಕೆಂದಿರುವುದು ‘ತೆಂಕ’. ಖಚಿತವಾಗಿ ಗೊತ್ತಿಲ್ಲದೆ ಊಹಿಸುವುದು, ನಂಬುವುದು ‘ತ್ರೂ’. ಅನುಭವದ ಮೇಲೆ ಅಭಿಪ್ರಾಯ ಹೊಂದುವುದು ‘ತಿಕ್ಕ’. ಒಂದು ಸಿನಿಮಾ ಚೆನ್ನಾಗಿದೆ ಎಂದು ‘ತ್ರೂ’ ಬಳಸಿ ಹೇಳಿದವರು ಅದನ್ನು ಇನ್ನೂ ನೋಡಿಲ್ಲ, ಚೆನ್ನಾಗಿರಬಹುದೆಂದು ಅವರ ಎಣಿಕೆ. ‘ತಿಕ್ಕ’ ಬಳಸಿದವರು ನೋಡಿ ಬಂದಿದ್ದಾರೆ. ಕನ್ನಡದ ‘ಅನ್ನಿಸುತ್ತದೆ’ ಈ ಎರಡನ್ನೂ ಒಳಗೊಳ್ಳುವುದರಿಂದ ಸ್ವೀಡಿಷ್ ಕಲಿಯುವ ಕನ್ನಡಿಗರು ಇಲ್ಲಿ ಇಂಗ್ಲಿಷ್ ಮಾತಾಡುವವರಷ್ಟೇ ತಡವರಿಸುತ್ತಾರೆ. ಪ್ರಶ್ನಾವಳಿಗಳಲ್ಲಿ ಇದರ ಪರಿಣಾಮ ಗಂಭೀರ. ಚಿಕಿತ್ಸೆ ತಮಗೆ ನೆರವಾಗಿದೆಯೆಂದು ರೋಗಿಗಳಿಗೆ ಅನ್ನಿಸುತ್ತದೆಯೇ ಎಂಬ ಇಂಗ್ಲಿಷ್ ಪ್ರಶ್ನೆಯನ್ನು ‘ತ್ರೂ’ ಬಳಸಿ ಅನುವಾದಿಸಿದರೆ ಅದು ರೋಗಿಯ ಊಹೆಯನ್ನು ಕೇಳುತ್ತದೆ, ‘ತಿಕ್ಕ’ ಬಳಸಿದರೆ ಅವರ ಅನುಭವದ ಮೌಲ್ಯಮಾಪನವನ್ನು ಕೇಳುತ್ತದೆ. ಹಲವು ದೇಶಗಳ ಉತ್ತರಗಳನ್ನು ಒಟ್ಟುಗೂಡಿಸಿ ಹೋಲಿಸುವ ಅಧ್ಯಯನದಲ್ಲಿ ಸ್ವೀಡನ್ನಿನ ರೋಗಿಗಳು ಬೇರೆಯೇ ಪ್ರಶ್ನೆಗೆ ಉತ್ತರಿಸಿರುವ ಸಾಧ್ಯತೆ ಹೀಗೆ ಹುಟ್ಟುತ್ತದೆ, ಮತ್ತು ಅಂಕಿಅಂಶಗಳ ಕೋಷ್ಟಕ ನೋಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ. ಪ್ರಶ್ನಾವಳಿ ಸಿದ್ಧಪಡಿಸಿದ ತಂಡ ಅಳೆಯಲು ಹೊರಟಿರುವುದು ಏನನ್ನು ಎಂದು ಕೇಳದೆ ಇಂಥ ಸಾಲನ್ನು ಮುಗಿಸಬಾರದು.

‘ನೋ’ ಎಂಬ, ತಿಳಿದಿರುವುದನ್ನು ಹೇಳುವ ಇಂಗ್ಲಿಷ್ ಕ್ರಿಯಾಪದದ ವಿಷಯದಲ್ಲಾದರೆ ಕನ್ನಡಿಗರು ಅದೃಷ್ಟವಂತರು. ಉತ್ತರ ಗೊತ್ತು, ಅವರ ಪರಿಚಯವಿದೆ, ಈಜು ಬರುತ್ತದೆ ಎಂದು ನಾವು ಮಾಡುವ ವಿಂಗಡಣೆಯನ್ನೇ ಸ್ವೀಡಿಷ್ ‘ವೇತ’, ‘ಶೆನ್ನ’, ‘ಕುನ್ನ’ ಎಂಬ ಮೂರರಲ್ಲಿ ಮಾಡುತ್ತದೆ. ‘ಕುನ್ನ’ ಬೇರೊಂದು ಕ್ರಿಯಾಪದದ ಆಸರೆಯಿಲ್ಲದೆ ಭಾಷೆಯ ಹೆಸರಿನ ಜೊತೆ ನೇರವಾಗಿ ನಿಲ್ಲುತ್ತದೆ; ನಮ್ಮ ‘ಕನ್ನಡ ಬರುತ್ತದೆ’ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ರೂಪ ಇಂಗ್ಲಿಷ್‌ನಲ್ಲಿಲ್ಲ.

ಬಂಧುವಾಚಕಗಳಲ್ಲಿಯೂ ಇಂಥ ಸಾಮೀಪ್ಯವಿದೆ, ಪೂರ್ಣವಾಗಿ ಅಲ್ಲ. ಇಂಗ್ಲಿಷ್‌ನ ‘ಆಂಟ್’ ಸ್ವೀಡಿಷ್‌ನಲ್ಲಿ ತಂದೆಯ ಸೋದರಿಯಾದರೆ ‘ಫಸ್ತೆರ್’, ತಾಯಿಯ ಸೋದರಿಯಾದರೆ ‘ಮುಸ್ತೆರ್’. ನಮ್ಮಂತೆ ದೊಡ್ಡಮ್ಮ, ಚಿಕ್ಕಮ್ಮ ಎಂದು ವಯಸ್ಸಿನ ಭೇದವನ್ನು ಅವರು ಮಾಡುವುದಿಲ್ಲ; ಬದಲಿಗೆ ನಾವು ಬಹುಮಟ್ಟಿಗೆ ಅಜ್ಜಿ ಎಂದಷ್ಟೇ ಕರೆಯುವವರನ್ನು ಅವರು ತಾಯಿಯ ತಾಯಿಯಾದರೆ ‘ಮುರ್ಮುರ್’, ತಂದೆಯ ತಾಯಿಯಾದರೆ ‘ಫಾರ್ಮುರ್’ ಎಂದು ಬೇರ್ಪಡಿಸುತ್ತಾರೆ. ಕುಟುಂಬದಲ್ಲಿ ಸ್ತನ ಕ್ಯಾನ್ಸರ್ ಇತ್ತೇ ಎಂದು ವಿಚಾರಿಸುವ ಇಂಗ್ಲಿಷ್ ನಮೂನೆಯಲ್ಲಿ ‘ಗ್ರಾಂಡ್‌ಮದರ್’ ಎಂದಿರುವಲ್ಲಿ ಒಂದನ್ನೇ ಆರಿಸಿಕೊಂಡರೆ ವಂಶದ ಅರ್ಧಭಾಗ ಪ್ರಶ್ನೆಯಿಂದ ಹೊರಗುಳಿಯುತ್ತದೆ. ಎರಡನ್ನೂ ಬರೆಯುವುದೇ ಅಲ್ಲಿ ಸರಿಯಾದ ಅನುವಾದ, ಸಾಲು ಉದ್ದವಾಯಿತೆಂದು ವಿನ್ಯಾಸಕಾರರು ಆಕ್ಷೇಪಿಸಿದರೂ ಸರಿ.

‘ಡ್ರಗ್’ ನನ್ನ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವ ಪದ. ಚಿಕಿತ್ಸೆಗೆ ಬಳಸುವ ಔಷಧ ಸ್ವೀಡಿಷ್‌ನಲ್ಲಿ ‘ಲೆಕೆಮೇದೆಲ್’, ಕಾನೂನು ಮಾದಕ ವಸ್ತುವೆಂದು ವರ್ಗೀಕರಿಸಿದ್ದು ‘ನಾರ್ಕೋತಿಕ’. ಔಷಧವೊಂದು ಇನ್ನೊಂದರ ಮೇಲೆ ಮಾಡುವ ಪರಿಣಾಮವನ್ನು ವಿವರಿಸುವಾಗ ಸಂದೇಹಕ್ಕೆ ಎಡೆಯಿಲ್ಲ. ಅಲ್ಲಿ ಮೊದಲನೆಯದೇ ಸಲ್ಲುತ್ತದೆ. ಐರೋಪ್ಯ ಔಷಧ ಸಂಸ್ಥೆ ಮಾಹಿತಿಪತ್ರಗಳಿಗಾಗಿ ಒಕ್ಕೂಟದ ಭಾಷೆಗಳಲ್ಲಿ ಒದಗಿಸುವ ಮಾದರಿ ಪಠ್ಯಗಳು ಇಂಥ ಕಡೆ ದೊಡ್ಡ ಆಸರೆ. ಕಷ್ಟ ಬರುವುದು ಒಪಿಯಾಯ್ಡ್ ಎಂಬ ಅಫೀಮಿನ ಬಗೆಯ ನೋವು ನಿವಾರಕಗಳ ಪಠ್ಯದಲ್ಲಿ, ಹಿಂದೆ ‘ಡ್ರಗ್’ ದುರ್ಬಳಕೆಯ ಇತಿಹಾಸವಿದೆಯೇ ಎಂದು ಕೇಳುವಾಗ. ‘ನಾರ್ಕೋತಿಕ’ ಎಂದು ಬರೆದರೆ, ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನೇ ಅಳತೆ ಮೀರಿ ನುಂಗಿದ ಅನುಭವವಿರುವ ವ್ಯಕ್ತಿ ಈ ಪ್ರಶ್ನೆ ತನಗಲ್ಲವೆಂದುಕೊಂಡು ಮುಂದೆ ಸಾಗಬಹುದು. ‘ಲೆಕೆಮೇದೆಲ್’ ಎಂದಷ್ಟೇ ಬರೆದರೆ ಹೆರಾಯಿನ್ ಬಳಸಿದ್ದವರು ಹೊರಗುಳಿಯುತ್ತಾರೆ. ಇಂಗ್ಲಿಷ್ ಪದದ ಎರಡು ಅರ್ಥಗಳೂ ಇಲ್ಲಿ ಏಕಕಾಲಕ್ಕೆ ಬೇಕು; ಹಾಗಾಗಿ ಎರಡೂ ಸ್ವೀಡಿಷ್ ಪದಗಳನ್ನು ಸೇರಿಸಿ ವಾಕ್ಯವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ.

ತಂತ್ರಾಂಶದ ಪಠ್ಯಗಳಲ್ಲಿ ವಾಕ್ಯವೇ ಇರುವುದಿಲ್ಲ. ‘ಆರ್ಡರ್’ ಎಂಬ ಒಂಟಿ ಪದ ಬರುತ್ತದೆ: ಅದು ಗ್ರಾಹಕರು ಕೊಟ್ಟ ಬೇಡಿಕೆಯೇ, ಬೇಡಿಕೆ ಸಲ್ಲಿಸಿ ಎಂದು ಹೇಳುವ ಗುಂಡಿಯೇ, ಪಟ್ಟಿಯನ್ನು ಜೋಡಿಸುವ ಕ್ರಮವೇ? ಮೂರಕ್ಕೂ ಬೇರೆ ಬೇರೆ ಸ್ವೀಡಿಷ್ ರೂಪಗಳಿವೆ. ‘ಫ್ರೀ’ ಎಂದಿದ್ದರೆ ಹಣ ಕೊಡಬೇಕಿಲ್ಲವೆಂಬ ‘ಗ್ರಾತಿಸ್’, ಖಾಲಿಯಿದೆಯೆಂಬ ‘ಲೇದಿಗ್’, ಸ್ವತಂತ್ರವೆಂಬ ‘ಫ್ರೀ’. ಯಾವುದೂ ಇಲ್ಲವೆಂಬರ್ಥದ ‘ನನ್’ ಎಂಬ ಚಿಕ್ಕ ಪದವಂತೂ ಯಾವ ನಾಮಪದವನ್ನು ಕುರಿತದ್ದೆಂದು ತಿಳಿಯದೆ ಅನುವಾದವಾಗದು, ಏಕೆಂದರೆ ಸ್ವೀಡಿಷ್ ನಾಮಪದಗಳಿಗೆ ಎರಡು ವ್ಯಾಕರಣಲಿಂಗಗಳಿದ್ದು, ಅದಕ್ಕೆ ತಕ್ಕಂತೆ ‘ಇಂಗೆನ್’ ಅಥವಾ ‘ಇಂಗೆತ್’, ಬಹುವಚನದಲ್ಲಿ ‘ಇಂಗ’ ಎಂದಾಗುತ್ತದೆ. ತಂತ್ರಾಂಶದ ಪಠ್ಯಗಳನ್ನು ಅನುವಾದಕ್ಕೆಂದು ಬೇರ್ಪಡಿಸಿ ಕೊಡುವ ಗೆಟ್‌ಟೆಕ್ಸ್ಟ್‌ನಂಥ ವ್ಯವಸ್ಥೆಗಳಲ್ಲಿ ಪ್ರತಿ ಪಠ್ಯದ ಜೊತೆ ಸಂದರ್ಭವನ್ನು ನಮೂದಿಸಲು ತಂತ್ರಾಂಶ ಬರೆಯುವವರಿಗೆ ಪ್ರತ್ಯೇಕ ಜಾಗವಿದೆ. ಇದನ್ನು ಓದುತ್ತಿರುವ ಬೆಂಗಳೂರಿನ ತಂತ್ರಜ್ಞರಲ್ಲಿ ಕೆಲವರಾದರೂ ಇಂಥ ಪಠ್ಯಗಳನ್ನು ಬರೆಯುವವರಿರುತ್ತಾರೆ. ಆ ಜಾಗವನ್ನು ದಯವಿಟ್ಟು ಖಾಲಿ ಬಿಡಬೇಡಿ. ಒಂದೇ ಇಂಗ್ಲಿಷ್ ಪದವನ್ನು ಎರಡು ಪರದೆಗಳಲ್ಲಿ ಮರುಬಳಸಿ ಉಳಿಸಿದ ಶ್ರಮ, ಸ್ವೀಡಿಷ್ ಬಳಕೆದಾರರ ಪರದೆಯಲ್ಲಿ ತಪ್ಪು ಪದವಾಗಿ ಕಾಣಿಸಿಕೊಳ್ಳುತ್ತದೆ.

ತಿರುಗುಮುರುಗು ಸಂಗತಿಯೂ ಉಂಟು. ಇಂಗ್ಲಿಷ್ ‘ಸೇಫ್ಟಿ’ ಮತ್ತು ‘ಸೆಕ್ಯುರಿಟಿ’ ಎಂದು ಬೇರೆ ಮಾಡುವುದನ್ನು ಸ್ವೀಡಿಷ್ ‘ಸೇಕೆರ್‌ಹೇತ್’ ಎಂಬ ಒಂದೇ ಪದದಲ್ಲಿ ಹೇಳುತ್ತದೆ. ಕಾರ್ಖಾನೆಯ ಯಂತ್ರವೊಂದರ ಕೈಪಿಡಿಯಲ್ಲಿ ಇವೆರಡೂ ಅಕ್ಕಪಕ್ಕ ಬಂದಾಗ ಅದೇ ಪದವನ್ನು ಎರಡು ಸಲ ಬರೆಯಲಾಗದು. ವ್ಯಕ್ತಿಸುರಕ್ಷತೆ, ಮಾಹಿತಿಸುರಕ್ಷತೆ ಎಂಬರ್ಥದ ಸಮಾಸಗಳನ್ನು ಮಾಡಿಕೊಂಡು ಭೇದವನ್ನು ಉಳಿಸಿಕೊಳ್ಳಬೇಕು. ಸಮಾಸ ಕಟ್ಟುವುದರಲ್ಲಿ ಸ್ವೀಡಿಷ್ ಬಹಳ ಸಮರ್ಥವಾದ ಭಾಷೆ, ಬರೆಯುವಾಗ ಪದಗಳನ್ನು ಬಿಡಿಸದಿದ್ದರೆ ಮಾತ್ರ. ದಾದಿ ಎಂಬರ್ಥದ ‘ಶೂಕ್‌ಶೆತೆರ್ಸ್ಕ’ವನ್ನು ಎರಡಾಗಿ ಬರೆದರೆ ಕಾಯಿಲೆ ಬಿದ್ದ ಪರಿಚಾರಿಕೆ ಎಂದಾಗುತ್ತದೆ.

ಪ್ರಶ್ನೆ ಕಳುಹಿಸಿದರೂ ಗಡುವಿನೊಳಗೆ ಉತ್ತರ ಬಾರದಿರುವುದೂ ಈ ವೃತ್ತಿಯಲ್ಲಿ ಸಾಮಾನ್ಯ. ಆಗ ಎರಡೂ ಅರ್ಥಗಳಿಗೆ ಸಲ್ಲುವ ವಾಕ್ಯರಚನೆಯನ್ನು ಹುಡುಕುತ್ತೇನೆ: ಶೀಶೆಯನ್ನು ಫ್ರಿಜ್‌ನಲ್ಲಿ ‘ಇಡಿ’ ಎನ್ನುವ ಬದಲು ‘ಸಂಗ್ರಹಿಸಿ’ ಎಂಬರ್ಥದ ಕ್ರಿಯಾಪದವನ್ನು ಬಳಸಿದರೆ ಅದು ನಿಂತಿದ್ದರೂ ಮಲಗಿದ್ದರೂ ಸೂಚನೆ ತಪ್ಪಾಗದು. ಹಾಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲದ ಕಡೆ, ನಾನು ಯಾವ ಅರ್ಥ ಹಿಡಿದೆ, ಏಕೆ ಹಿಡಿದೆ, ಅದು ತಪ್ಪಾಗಿದ್ದರೆ ಯಾವ ಪದವನ್ನು ಬಳಸಬೇಕು ಎಂಬ ಟಿಪ್ಪಣಿಯನ್ನು ಅನುವಾದದ ಜೊತೆಯಲ್ಲೇ, ಆ ಸಾಲಿನ ಪಕ್ಕದಲ್ಲೇ ಬರೆದು ಕಳುಹಿಸುತ್ತೇನೆ. ಪರಿಷ್ಕರಿಸುವವರು ಸ್ವೀಡಿಷ್ ಬಾರದವರಾಗಿರಬಹುದು ಎಂಬ ಕಾರಣಕ್ಕೆ ಆ ಟಿಪ್ಪಣಿ ಇಂಗ್ಲಿಷ್‌ನಲ್ಲಿರುತ್ತದೆ.