ಮಳೆಗಾಲದ ಒಲೆ, ಉಪ್ಪಾಗೆ ಸಿಪ್ಪೆ

ಜುಲೈ ತಿಂಗಳಲ್ಲಿ ಶಿರಸಿ, ಸಿದ್ದಾಪುರದ ಕಾಡಂಚಿನ ಹಳ್ಳಿಗಳಿಗೆ ಹೋದರೆ ಜಡಿಮಳೆಯ ನಡುವೆಯೂ ಕಟ್ಟಿಗೆಯ ಹೊಗೆಯ ಜೊತೆ ಒಂದು ಹುಳಿ ವಾಸನೆ ಮೂಗಿಗೆ ಬಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಉಪ್ಪಾಗೆ ಸಿಪ್ಪೆ ಒಣಗುತ್ತಿರುತ್ತದೆ. ಪುಟ್ಟ ಕುಂಬಳಕಾಯಿಯಂತೆ ಏಣುಗಳಿರುವ ಹಳದಿ ಹಣ್ಣು; ಒಡೆದು ಬೀಜ ತೆಗೆದು ಹರಡಿದರೆ ಸಿಪ್ಪೆ ಶಾಖಕ್ಕೆ ಮುರುಟಿ, ಕಪ್ಪಾಗಿ, ತೊಗಲಿನಂತಾಗುತ್ತದೆ. ಬೀಜದ ತುಪ್ಪ ಮನೆಗೆ, ಸಿಪ್ಪೆ ಮಾರಾಟಕ್ಕೆ.

ನಮ್ಮ ಜಿಲ್ಲೆಗೆ ಔಷಧ ಉದ್ಯಮ ಏನು ಕೊಟ್ಟಿದೆ ಎಂದು ಕೇಳಿದರೆ ಜನ ಕಾರ್ಖಾನೆಗಳನ್ನು ಎಣಿಸುತ್ತಾರೆ. ನಾನು ಈ ಸಿಪ್ಪೆಯ ಚೀಲವನ್ನು ತೋರಿಸುತ್ತೇನೆ.

ಇದರ ಮುಖ್ಯ ಹುಳಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬುದನ್ನು 1965ರಲ್ಲಿ ಪ್ರಕಟಿಸಿದವರು ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯದ ಲೂಯಿಸ್ ಮತ್ತು ನೀಲಕಂಠನ್. ನಿಂಬೆಯ ಸಿಟ್ರಿಕ್ ಆಮ್ಲಕ್ಕೆ ಇದು ಹತ್ತಿರದ ನೆಂಟ. ಉಂಡ ಸಕ್ಕರೆ ಮಿಕ್ಕಾಗ ಜೀವಕೋಶದ ಒಂದು ಕಿಣ್ವ ಸಿಟ್ರೇಟನ್ನು, ಅಂದರೆ ಸಿಟ್ರಿಕ್ ಆಮ್ಲ ಕೋಶದಲ್ಲಿರುವ ರೂಪವನ್ನು, ಸೀಳಿ ಕೊಬ್ಬಿಗೆ ಕಚ್ಚಾವಸ್ತು ಒದಗಿಸುತ್ತದೆ. ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ಉಪ್ಪಾಗೆಯ ಆಮ್ಲ ತಾನೇ ಕೂತು ಆ ಕೆಲಸಕ್ಕೆ ತಡೆ ಹಾಕುತ್ತದೆ. ಈ ಗುಣದ ಬಲದ ಮೇಲೆಯೇ 1990ರ ದಶಕದಲ್ಲಿ ತೂಕ ಇಳಿಸುವ ಮಾತ್ರೆಗಳು ವಿದೇಶಗಳಲ್ಲಿ ಓಡಿದವು. ಸಿಪ್ಪೆಗೆ ಬೇಡಿಕೆ ಕುದುರಿ, ಮಳೆಗಾಲದಲ್ಲಿ ಕೂಲಿಯೂ ಸಿಗದ ಕುಟುಂಬಗಳ ಕೈಯಲ್ಲಿ ನಗದು ಆಡಿತು. ಅದು ಸಣ್ಣ ಮಾತಲ್ಲ.

ಆದರೆ 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದ ವರದಿ ಬಂತು. ಉಪ್ಪಾಗೆಯ ಮಾತ್ರೆ ನುಂಗಿದವರ ತೂಕ, ಮದ್ದಿಲ್ಲದ ಮಾತ್ರೆ ನುಂಗಿದವರಿಗಿಂತ ಗಮನಾರ್ಹವಾಗಿ ಇಳಿದಿರಲಿಲ್ಲ. ಪ್ರಯೋಗಾಲಯದಲ್ಲಿ ಕಿಣ್ವವನ್ನು ತಡೆದದ್ದೆಲ್ಲ ಮನುಷ್ಯನ ಮೈಯಲ್ಲಿ ಫಲ ಕೊಡಬೇಕೆಂದಿಲ್ಲ. ಅಂಥ ಮದ್ದನ್ನೇ ನೆಚ್ಚಿದ ಹಳ್ಳಿಯ ವರಮಾನವೂ ಅಷ್ಟೇ ಅಲುಗಾಡುತ್ತದೆ.

ಕಾಡೂ ಬೆಲೆ ತೆತ್ತಿದೆ. ಬಿಸಿಲೇ ಇಲ್ಲದ ಕಾಲದ ಫಸಲಾದ್ದರಿಂದ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಬೇಕು. ನಾನು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆಂಬ ಆತುರದಲ್ಲಿ ಬಲಿಯದ ಕಾಯಿಯನ್ನೂ ಕೊಯ್ದರು, ಕೊಂಬೆಯನ್ನೂ ಕಡಿದರು.

ಇನ್ನು ಲಾಭದ ವಿಷಯ. ಬಿಡಿ ಆಮ್ಲ ಹಾಗೆಯೇ ಉಳಿಯುವುದಿಲ್ಲ; ಲ್ಯಾಕ್ಟೋನ್ ಎಂಬ ಬೇರೆ ರೂಪಕ್ಕೆ ಮಾರ್ಪಟ್ಟು ಕಸುವು ಕಳೆದುಕೊಳ್ಳುತ್ತದೆ. ಆದ್ದರಿಂದ ಅದನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿಸಿ ಪುಡಿ ಮಾಡುತ್ತಾರೆ. ಬೆಲೆ ಏರುವುದು ಅಲ್ಲಿ. ಕಟ್ಟಿಗೆ ಉಳಿಸುವ ಒಲೆ, ಆಮ್ಲದ ಪ್ರಮಾಣ ಅಳೆಯುವ ಒಂದು ಪ್ರಯೋಗಾಲಯ ಶಿರಸಿಯಲ್ಲೇ ಸಂಗ್ರಹಕಾರರ ಕೈಗೆಟಕುವಂತಿರಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ನಾನು ಕಂಡ ವ್ಯಾಪಾರಿ ಸಿಪ್ಪೆಯನ್ನು ಬೆರಳಲ್ಲಿ ಹಿಸುಕಿ, ಒಣಗಿದ್ದು ಸಾಲದೆಂದು ದರ ಇಳಿಸಿದರು. ಅದರಲ್ಲಿ ಆಮ್ಲ ಎಷ್ಟಿದೆ ಎಂಬುದು ಮಾರಲು ಬಂದ ಹೆಂಗಸಿಗೂ ತಿಳಿದಿರಲಿಲ್ಲ.