ಗಾಳಿಯ ವೇಗ ಮುರಿಯಿರಿ, ದಾರಿ ಮುಚ್ಚಬೇಡಿ

ಪರವಾನಗಿ ಪಡೆದು ಬಯಲಿನಲ್ಲಿ ಗಾಂಜಾ ಬೆಳೆಯುವವರು ಸಲಹೆಗೆ ಕರೆದಾಗ ಮೊದಲು ಮಣ್ಣು ಪರೀಕ್ಷೆಯ ವರದಿ ತೋರಿಸುತ್ತಾರೆ. ನಾನು ಮೊದಲು ಕೇಳುವುದು, ಇಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ ಎಂದು. ಹೂಗೊಂಚಲು ಕೊಳೆಯುವ ತೊಂದರೆಗೆ ಬಹಳ ಸಲ ಉತ್ತರ ಅಲ್ಲೇ ಸಿಗುತ್ತದೆ.

ಪ್ರತಿ ಎಲೆಯ ಮೈಗೂ ಅಲುಗಾಡದ ಗಾಳಿಯ ಒಂದು ತೆಳು ಪದರ ಅಂಟಿಕೊಂಡಿರುತ್ತದೆ. ಅದರ ದಪ್ಪವನ್ನು ಮಿಲಿಮೀಟರಿನಲ್ಲಿ ಅಳೆಯಬೇಕು, ಅಷ್ಟೇ. ಆದರೆ ಎಲೆ ಬಿಡುವ ನೀರಾವಿ ಅದನ್ನು ದಾಟಿ ಹೊರಹೋಗಬೇಕು, ಇಂಗಾಲದ ಡೈಆಕ್ಸೈಡ್ ಅದನ್ನು ದಾಟಿಯೇ ಒಳಬರಬೇಕು. ಗಾಳಿಯ ವೇಗ ನಾಲ್ಕು ಪಟ್ಟಾದರೆ ಈ ಪದರ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಹೆಚ್ಚಿನ ಲಾಭ ಮೊದಲ ಮಂದ ಗಾಳಿಯಲ್ಲೇ ಬಂದುಬಿಡುತ್ತದೆ. ಅದರ ಮೇಲೆ ಎಷ್ಟು ಜೋರಾಗಿ ಬೀಸಿದರೂ ಸಿಗುವುದು ಅಲ್ಪ, ನಷ್ಟ ಮಾತ್ರ ಏರುತ್ತಾ ಹೋಗುತ್ತದೆ: ಬೇರು ಒದಗಿಸುವುದಕ್ಕಿಂತ ಬೇಗ ಎಲೆ ನೀರು ಕಳೆದುಕೊಳ್ಳುತ್ತದೆ, ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ಅಂಚು ಸುರುಳಿಗಟ್ಟಿ ಒಣಗುತ್ತದೆ, ಕವಲೊಡೆದ ಜಾಗದಲ್ಲಿ ಕಾಂಡ ಸೀಳುತ್ತದೆ.

ಎಳೆ ಗಿಡ ಮಾತ್ರ ಸ್ವಲ್ಪ ತೂಗಾಡಲೇಬೇಕು. ಅಲುಗಾಟಕ್ಕೆ ಸಿಕ್ಕ ಕಾಂಡ ಕುಳ್ಳಗಾಗಿ, ದಪ್ಪವಾಗಿ ಬೆಳೆಯುತ್ತದೆ. ಸ್ಪರ್ಶಕ್ಕೆ ಸಸ್ಯ ಹೀಗೆ ರೂಪ ಬದಲಿಸಿಕೊಳ್ಳುವುದಕ್ಕೆ ಸಸ್ಯವಿಜ್ಞಾನಿ ಮಾರ್ಕ್ ಜಾಫ್ 1973ರಲ್ಲಿ ಥಿಗ್ಮೋಮಾರ್ಫೋಜೆನೆಸಿಸ್ ಎಂದು ಹೆಸರಿಟ್ಟರು. ಆಸರೆ ಕೋಲಿಗೆ ಬಿಗಿಯಾಗಿ ಕಟ್ಟಿದ ಗಿಡಕ್ಕೆ ಈ ಕಸರತ್ತು ಸಿಗುವುದೇ ಇಲ್ಲ. ದಯವಿಟ್ಟು ಸಡಿಲವಾಗಿ ಕಟ್ಟಿ.

ನನಗೆ ಅತಿ ಹೆಚ್ಚು ಸಂಕಟ ತರುವುದು ಕೊಯ್ಲಿನ ಹೊಸ್ತಿಲಲ್ಲಿ ಕಾಣುವ ಬೂದು ಬೂಷ್ಟು. ಗೊಂಚಲು ಹೊರಗಿನಿಂದ ಹಸಿರಾಗಿ, ದಷ್ಟಪುಷ್ಟವಾಗಿ ಕಾಣುತ್ತದೆ. ನಡುವೆ ಒಂದೇ ಒಂದು ಪುಟ್ಟ ಎಲೆ ಬಾಡಿ ಹಳದಿಯಾಗಿರುತ್ತದೆ. ಮೆಲ್ಲಗೆ ಎಳೆದರೆ ಬುಡಸಮೇತ ಕೈಗೆ ಬರುತ್ತದೆ. ಗೊಂಚಲನ್ನು ಬಿಡಿಸಿ ನೋಡಿದರೆ ಒಳಗೆ ಕಂದುಬಣ್ಣ, ಮೆತ್ತಗಾದ ದಂಟು, ಮುಟ್ಟಿದರೆ ಧೂಳಿನಂತೆ ಏಳುವ ಬೂದು ಬೀಜಾಣು. ಇದು ಬೊಟ್ರೈಟಿಸ್ ಶಿಲೀಂಧ್ರ. ಒತ್ತೊತ್ತಾದ ಹೂಗಳ ನಡುವೆ ಮಳೆಯ, ಇಬ್ಬನಿಯ ತೇವ ತಾಸುಗಟ್ಟಲೆ ಆರದೆ ನಿಂತರೆ ಅದಕ್ಕೆ ಅಷ್ಟೇ ಸಾಕು. ಸಾಲುಗಳ ನಡುವೆ ಅಂತರ ಬಿಡುವುದು, ಬುಡದ ಹಾಗೂ ಒಳಗಿನ ಎಲೆಗಳನ್ನು ಹದವಾಗಿ ತೆಗೆಯುವುದು ಯಾವ ಸಿಂಪರಣೆಗಿಂತಲೂ ಮುಂಚಿನ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ಬಿರುಗಾಳಿಗೆ ಏನು ಮಾಡುವುದು? ಒಬ್ಬ ಬೆಳೆಗಾರರು ಗಾಳಿ ಬರುವ ಬದಿಗೆ ತಗಡಿನ ಗೋಡೆಯನ್ನೇ ಎಬ್ಬಿಸಿದ್ದರು. ಗೋಡೆಯ ಮೇಲಿಂದ ಹಾರಿದ ಗಾಳಿ ಆಚೆ ಸುಳಿಸುಳಿಯಾಗಿ ಇಳಿದು, ಮೂರನೇ ಸಾಲಿನ ಗಿಡಗಳನ್ನು ತಿರುಚಿ ಹಾಕಿತ್ತು. ಗೋಡೆಗೆ ಅಂಟಿದ ಮೊದಲ ಸಾಲಿನಲ್ಲಿ ಗಾಳಿಯೇ ಆಡದೆ ಬೂಷ್ಟು ಬಂದಿತ್ತು. ಅರ್ಧದಷ್ಟು ತೂತಿರುವ ಜಾಲರಿ ಅಥವಾ ಜೀವಂತ ಬೇಲಿ ಇದಕ್ಕಿಂತ ಎಷ್ಟೋ ವಾಸಿ. ಅದು ಗಾಳಿಯನ್ನು ಸೋಸಿ ಬಿಡುತ್ತದೆ, ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ನೆರಳಿನಂತೆ ಕಾಯುತ್ತದೆ.

ಪರಾಗದ ವಿಷಯದಲ್ಲಿ ಮಾತ್ರ ಬೇಲಿಯನ್ನು ನಂಬಬೇಡಿ. ಈ ಗಿಡದ ಪರಾಗಸ್ಪರ್ಶ ನಡೆಯುವುದೇ ಗಾಳಿಯಿಂದ, ಹಗುರವಾದ ಪರಾಗ ಕಿಲೋಮೀಟರುಗಟ್ಟಲೆ ತೇಲಬಲ್ಲದು. ಬೀಜವಿಲ್ಲದ ಹೂ ಬೇಕಿದ್ದವರು ಪಕ್ಕದಲ್ಲಿ ನಾರಿಗೋ ಬೀಜಕ್ಕೋ ಇದೇ ಜಾತಿಯ ಹೆಂಪ್ ಬೆಳೆಯುವವರಿದ್ದಾರೆಯೇ ಎಂದು ಬಿತ್ತನೆಗೆ ಮುಂಚೆಯೇ ವಿಚಾರಿಸಿಕೊಳ್ಳಬೇಕು.