ಪದ ಪರಿಚಯ: ಎಸ್‌ಎಆರ್, ಅಂದರೆ ಫೋನಿನ ‘ಸಾರ್ ವ್ಯಾಲ್ಯೂ’

ನಂಬರ್ ಒತ್ತುವ ಜಾಗದಲ್ಲಿ *#07# ಒತ್ತಿ ನೋಡಿ. ಹೆಚ್ಚಿನ ಫೋನುಗಳಲ್ಲಿ ಎರಡು ಅಂಕಿ ಕಾಣಿಸುತ್ತವೆ, ಒಂದು ತಲೆಗೆ, ಇನ್ನೊಂದು ಮೈಗೆ. ಇದೇ ಎಸ್‌ಎಆರ್. ಫೋನ್ ಹೊರಬಿಡುವ ರೇಡಿಯೋ ಅಲೆಗಳಿಂದ ದೇಹದ ಒಂದು ಕೆಜಿ ಅಂಗಾಂಶ ಎಷ್ಟು ವ್ಯಾಟ್ ಶಕ್ತಿ ಹೀರಿಕೊಳ್ಳುತ್ತದೆ ಎಂಬ ಅಳತೆ ಅದು. ಭಾರತದಲ್ಲಿ ಮಿತಿ ಕೆಜಿಗೆ 1.6 ವ್ಯಾಟ್, ಯಾವುದೇ ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ. 2012ರ ಸೆಪ್ಟೆಂಬರ್ 1ರಿಂದ ಈ ಮಿತಿ ಜಾರಿಗೆ ಬಂತು. ಅಮೆರಿಕದಲ್ಲೂ ಇದೇ ಮಿತಿ. ಯುರೋಪಿನದು 2 ವ್ಯಾಟ್, ಆದರೆ ಹತ್ತು ಗ್ರಾಂ ಸರಾಸರಿಯಲ್ಲಿ. ಹಾಗಾಗಿ ಅಲ್ಲಿಯ ಅಂಕಿಯನ್ನೂ ಇಲ್ಲಿಯದನ್ನೂ ಪಕ್ಕಪಕ್ಕ ಇಟ್ಟು ನೋಡುವ ಹಾಗಿಲ್ಲ.

ಅಂಗಡಿಯಲ್ಲಿ 0.6 ತೋರಿಸುವ ಫೋನು 1.2ರ ಫೋನಿಗಿಂತ ಅರ್ಧದಷ್ಟು ಅಪಾಯಕಾರಿ ಎಂದು ಲೆಕ್ಕ ಹಾಕುವವರಿದ್ದಾರೆ. ಆ ಅಂಕಿ ಎಲ್ಲಿಂದ ಬಂತು ಎಂದು ತಿಳಿದರೆ ಈ ಲೆಕ್ಕ ನಿಲ್ಲುವುದಿಲ್ಲ. ಪ್ರಯೋಗಾಲಯದಲ್ಲಿ ಮನುಷ್ಯನ ತಲೆಯ ಆಕಾರದ ಟೊಳ್ಳು ಅಚ್ಚಿನೊಳಗೆ, ವಿದ್ಯುತ್ ಗುಣದಲ್ಲಿ ನಮ್ಮ ಅಂಗಾಂಶವನ್ನೇ ಹೋಲುವ ದ್ರವ ತುಂಬುತ್ತಾರೆ. ಫೋನನ್ನು ಕಿವಿಯ ಜಾಗಕ್ಕೆ ತಾಗಿಸಿ, ಅದು ಪೂರ್ತಿ ಶಕ್ತಿಯಲ್ಲೇ ಪ್ರಸಾರ ಮಾಡುವಂತೆ ಕಟ್ಟಿಹಾಕುತ್ತಾರೆ. ರೋಬೋ ತೋಳಿನ ತುದಿಯ ಸಣ್ಣ ಪ್ರೋಬ್ ದ್ರವದೊಳಗೆ ಓಡಾಡಿ ವಿದ್ಯುತ್ ಕ್ಷೇತ್ರವನ್ನು ಅಳೆಯುತ್ತದೆ. ಬೇರೆ ಬೇರೆ ಬ್ಯಾಂಡು, ಎಡಗಿವಿ, ಬಲಗಿವಿ, ಹಲವು ಭಂಗಿ, ಎಲ್ಲ ಮುಗಿದ ಮೇಲೆ ಸಿಕ್ಕ ಅತಿ ದೊಡ್ಡ ಅಂಕಿಯೇ ನಿಮಗೆ ಕಾಣುವುದು. ದಿನದ ಬಳಕೆಯಲ್ಲಿ ಮೈಗೆ ಎಷ್ಟು ತಗಲುತ್ತದೆ ಎಂಬುದನ್ನು ಅದು ಹೇಳುವುದೇ ಇಲ್ಲ.

ಅದನ್ನು ತೀರ್ಮಾನಿಸುವುದು ಸಿಗ್ನಲ್. 4ಜಿ ಫೋನಿನ ಗರಿಷ್ಠ ಪ್ರಸಾರ ಶಕ್ತಿ ಸಾಮಾನ್ಯವಾಗಿ 0.2 ವ್ಯಾಟ್. ಟವರ್ ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಫೋನು ತಾನಾಗಿಯೇ ಶಕ್ತಿ ಇಳಿಸಿಕೊಂಡು ಒಂದು ಮಿಲಿವ್ಯಾಟಿಗಿಂತ ಕಡಿಮೆಯಲ್ಲೂ ಕೆಲಸ ಮಾಡುತ್ತದೆ. ಅಂದರೆ ಇನ್ನೂರನೇ ಒಂದು ಪಾಲಿಗಿಂತ ಕಡಿಮೆ. ಮಧುಗಿರಿಯ ಏಕಶಿಲಾ ಬೆಟ್ಟದಂಥ ಬಂಡೆಯ ಮರೆಯಲ್ಲಿ, ತಗಡಿನ ಶೆಡ್ಡಿನೊಳಗೆ, ದಪ್ಪ ಕಲ್ಲುಗೋಡೆಯ ನಡುಮನೆಯಲ್ಲಿ ಅದೇ ಫೋನು ಗರಿಷ್ಠಕ್ಕೆ ಏರುತ್ತದೆ. ಬ್ಯಾಟರಿ ಬೇಗ ಇಳಿಯುವುದಕ್ಕೂ ಇದು ಒಂದು ಕಾರಣ.

ನೀವೇ ನೋಡಬಹುದು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಸ್ಟ್ರೆಂತ್ ಡಿಬಿಎಂ (dBm) ಎಂಬ ಮಾನದಲ್ಲಿ ಇರುತ್ತದೆ, ಮೈನಸ್ ಚಿಹ್ನೆಯೊಂದಿಗೆ. 4ಜಿಯಲ್ಲಿ ಮೈನಸ್ 80ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 110 ದಾಟಿದರೆ ದುರ್ಬಲ. ಪ್ರತಿ 10 ಅಂಕಿಗೆ ಹತ್ತು ಪಟ್ಟು ವ್ಯತ್ಯಾಸ. ಒಳಕೋಣೆಯಲ್ಲಿ ಮೈನಸ್ 112 ಇದ್ದದ್ದು ಕಿಟಕಿಯ ಬಳಿ ಮೈನಸ್ 92 ಆದರೆ ಸಿಗ್ನಲ್ ನೂರು ಪಟ್ಟು ಹೆಚ್ಚಾಯಿತು. ಆ ಮಟ್ಟಿಗೆ ಫೋನಿನ ಶ್ರಮವೂ ಇಳಿಯುತ್ತದೆ. ಉದ್ದದ ಮಾತುಕತೆ ಇದ್ದರೆ ಕಿಟಕಿಗೆ ಬನ್ನಿ. ಎರಡು ಫೋನುಗಳ ಎಸ್‌ಎಆರ್ ಅಂಕಿ ಹೋಲಿಸುವುದಕ್ಕಿಂತ ಇದರಿಂದ ಆಗುವ ವ್ಯತ್ಯಾಸ ಎಷ್ಟೋ ಹೆಚ್ಚು.

ಈಗ ಟವರಿನ ವಿಷಯ. ತುಮಕೂರಿನ ಬಡಾವಣೆಯಾಗಲಿ, ಚಿಂತಾಮಣಿ ಕಡೆಯ ಹಳ್ಳಿಯಾಗಲಿ, ಟವರ್ ಬರುತ್ತದೆ ಎಂದರೆ ಜನ ಆತಂಕಗೊಳ್ಳುತ್ತಾರೆ. ಚಿಕ್ಕ ಮಕ್ಕಳಿರುವ ಮನೆಯವರು ಹೆದರುವುದರಲ್ಲಿ ತಪ್ಪಿಲ್ಲ, ಅವರಿಗೆ ಅಂಕಿಅಂಶ ಕೊಟ್ಟು ವಿವರಿಸುವವರು ಬೇಕು. ಟವರಿಗೆ ಎಸ್‌ಎಆರ್ ಅಲ್ಲ, ಚದರ ಮೀಟರಿಗೆ ಎಷ್ಟು ವ್ಯಾಟ್ ಎಂಬ ಅಳತೆ. 2012ರಲ್ಲಿ ಭಾರತ ಜಾರಿಗೆ ತಂದ ಮಿತಿ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು: 900 ಮೆಗಾಹರ್ಟ್ಸ್ ಅಲೆಗೆ 0.45 ವ್ಯಾಟ್, 1800ಕ್ಕೆ 0.9. ಆಂಟೆನಾಗೆ 20 ವ್ಯಾಟ್ ಕೊಟ್ಟು, ಅದು ಆ ಶಕ್ತಿಯನ್ನು ಒಂದೇ ದಿಕ್ಕಿಗೆ 50 ಪಟ್ಟು ಕೇಂದ್ರೀಕರಿಸುತ್ತದೆ ಎಂದುಕೊಳ್ಳಿ. ಕಿರಣದ ನೇರಕ್ಕೇ 100 ಮೀಟರ್ ದೂರದಲ್ಲಿ ನಿಂತರೂ ಸಿಗುವುದು ಸುಮಾರು 0.008 ವ್ಯಾಟ್. ನಾಲ್ಕಾರು ಆಂಟೆನಾ ಸೇರಿದರೂ ಮಿತಿ ದೂರವೇ ಉಳಿಯುತ್ತದೆ. ಕಿರಣ ಹೆಚ್ಚುಕಡಿಮೆ ಅಡ್ಡಕ್ಕೆ ಹೋಗುವುದರಿಂದ ಟವರಿನ ಬುಡದಲ್ಲಿ ಪ್ರಮಾಣ ಕಡಿಮೆಯೇ. ನಿಜವಾದ ಅಪಾಯ ಇರುವುದು ಆಂಟೆನಾದ ಮುಖದೆದುರು ಕೆಲವೇ ಅಡಿ ದೂರದಲ್ಲಿ. ಅಲ್ಲಿಗೆ ಹತ್ತುವ ಕೆಲಸಗಾರರು ಮೊದಲು ಪ್ರಸಾರ ನಿಲ್ಲಿಸಲೇಬೇಕು. ಮಾಳಿಗೆಯ ಮೇಲೆ ಆಂಟೆನಾ ಇದ್ದರೆ ಅದರ ಎದುರಿಗೆ ಬಟ್ಟೆ ಒಣಹಾಕುವ ತಂತಿ ಕಟ್ಟಬೇಡಿ.

ಟವರ್ ಊರಾಚೆ ಹೋದರೆ ಊರಿನ ಎಲ್ಲರ ಕಿವಿಗಂಟಿದ ಫೋನುಗಳೂ ಹೆಚ್ಚು ಶಕ್ತಿ ಬಳಸಬೇಕಾಗುತ್ತದೆ. ತಲೆಗೆ ಹೆಚ್ಚು ತಗಲುವುದು ಆ ಫೋನಿನಿಂದಲೇ.

ಆಂಟೆನಾ ಕಂಡಲ್ಲೆಲ್ಲ ವಿಕಿರಣ ಇದೆ ಎಂದುಕೊಳ್ಳುವುದೂ ಸರಿಯಲ್ಲ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯದಲ್ಲಿ ಬಯಲಿನುದ್ದಕ್ಕೂ ಆಂಟೆನಾಗಳಿವೆ. ಅವು ಏನನ್ನೂ ಪ್ರಸಾರ ಮಾಡುವುದಿಲ್ಲ, ಸೂರ್ಯನಿಂದ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುತ್ತವೆ ಅಷ್ಟೆ.

ಹಾಗಾದರೆ ಈ ಅಲೆ ದೇಹಕ್ಕೆ ಏನು ಮಾಡುತ್ತದೆ? ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿ. ಇಡೀ ದೇಹಕ್ಕೆ ಕೆಜಿಗೆ 4 ವ್ಯಾಟ್ ಬಿದ್ದರೆ ಮೈಯ ಉಷ್ಣತೆ ಸುಮಾರು ಒಂದು ಡಿಗ್ರಿ ಏರಬಹುದು. ಅದನ್ನು 50ರಿಂದ ಭಾಗಿಸಿ ಸಾರ್ವಜನಿಕರಿಗೆ ಇಡೀ ದೇಹದ ಮಿತಿಯನ್ನು 0.08 ಎಂದು ಇಟ್ಟರು. ಎಕ್ಸ್-ರೇ ಹಾಗೆ ಡಿಎನ್‌ಎ ಕತ್ತರಿಸುವಷ್ಟು ಬಲ ಇದಕ್ಕಿಲ್ಲ. 2 ಗಿಗಾಹರ್ಟ್ಸ್ ಅಲೆಯ ಒಂದು ಕಣದ ಶಕ್ತಿ, ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹಾಕಲು ಬೇಕಾದ ಶಕ್ತಿಯ ಹತ್ತು ಲಕ್ಷದ ಒಂದು ಭಾಗದಷ್ಟು.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ ಸೇರಿಸಿತು. ಕ್ಯಾನ್ಸರ್ ಉಂಟುಮಾಡುವ ಸಾಧ್ಯತೆಯನ್ನು ತಳ್ಳಿಹಾಕುವ ಹಾಗಿಲ್ಲ, ಪುರಾವೆ ಮಾತ್ರ ಸೀಮಿತ ಎಂಬುದು ಅದರರ್ಥ. ಲೋಳೆಸರದ ಇಡೀ ಎಲೆಯ ಸಾರವೂ ಅದೇ ಗುಂಪಿನಲ್ಲಿದೆ. ನಂತರ 2024ರಲ್ಲಿ, ಅದೇ ವಿಶ್ವ ಆರೋಗ್ಯ ಸಂಸ್ಥೆ ಕೇಳಿ ಮಾಡಿಸಿದ ಪರಿಶೀಲನೆ 63 ಅಧ್ಯಯನಗಳನ್ನು ಜೋಡಿಸಿ ನೋಡಿ, ಮೊಬೈಲ್ ಬಳಕೆಗೂ ಮೆದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ ಎಂದಿತು. ಹತ್ತು ವರ್ಷ ದಾಟಿ ಬಳಸಿದವರಲ್ಲೂ ಕಾಣಲಿಲ್ಲ. ಈಗಿನ ಮಟ್ಟಿಗೆ ಅತ್ಯಂತ ಗಟ್ಟಿ ಉತ್ತರ ಇದೇ ಎಂಬುದು ನಮ್ಮ ಅಭಿಪ್ರಾಯ.

ವೈಫೈ ರೂಟರ್ ಸುಮಾರು 0.1 ವ್ಯಾಟಿನದು, ಅದೂ ಮಾರುದೂರದಲ್ಲಿ. ಬ್ಲೂಟೂತ್ ಇಯರ್‌ಬಡ್ ಕೆಲವು ಮಿಲಿವ್ಯಾಟ್. ಇವೆರಡರ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಬೇಡ.

ಫೋನಿನ ಹಿಂಬದಿಗೆ ಅಂಟಿಸುವ ‘ಆಂಟಿ ರೇಡಿಯೇಷನ್’ ಸ್ಟಿಕರಿಗೆ ದುಡ್ಡು ಕೊಡಬೇಡಿ. ಅದು ಅಲೆಯನ್ನು ತಡೆಯದಿದ್ದರೆ ದುಡ್ಡು ದಂಡ. ನಿಜಕ್ಕೂ ತಡೆದರೆ ಸಿಗ್ನಲ್ ಕುಸಿದು ಫೋನು ಶಕ್ತಿ ಏರಿಸಿಕೊಳ್ಳುತ್ತದೆ. ಲೋಹದ ಕವರಿನದೂ ಇದೇ ಕಥೆ. ಕಡಿಮೆ ಮಾಡಬೇಕೆನಿಸಿದರೆ ಸ್ಪೀಕರ್ ಹಾಕಿ ಅಥವಾ ಇಯರ್‌ಫೋನ್ ಬಳಸಿ. ಫೋನು ತಲೆಯಿಂದ ಒಂದಡಿ ಸರಿದರೆ ತಲೆಗೆ ಬೀಳುವುದು ತೀರಾ ಇಳಿಯುತ್ತದೆ. ಪೇಸ್‌ಮೇಕರ್ ಹಾಕಿಸಿಕೊಂಡವರು ಫೋನನ್ನು ಅದರಿಂದ 15 ಸೆಂಟಿಮೀಟರ್ ದೂರ ಇಡಬೇಕು, ಎದೆಯ ಜೇಬಿನಲ್ಲಿ ಇಡಲೇಬಾರದು, ಕರೆಗೆ ಆಚೆ ಬದಿಯ ಕಿವಿ ಬಳಸಬೇಕು.

ಮನೆ ಹತ್ತಿರದ ಟವರಿನ ಬಗ್ಗೆ ಅನುಮಾನ ಉಳಿದರೆ ದೂರಸಂಪರ್ಕ ಇಲಾಖೆ 2017ರಲ್ಲಿ ಆರಂಭಿಸಿದ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ನಿಮ್ಮ ಜಾಗವನ್ನು ಹುಡುಕಿ. ಸುತ್ತಲಿನ ಟವರುಗಳು ಮಿತಿಯೊಳಗಿವೆಯೇ ಎಂಬುದು ಅಲ್ಲಿ ಸಿಗುತ್ತದೆ. ಶುಲ್ಕ ಕಟ್ಟಿದರೆ ಅಧಿಕಾರಿಗಳೇ ಬಂದು ನೀವು ಹೇಳಿದ ಜಾಗದಲ್ಲಿ ಅಳತೆ ಮಾಡಿಕೊಡುವ ವ್ಯವಸ್ಥೆಯೂ ಇದೆ. ಅಳತೆಗೆ ಬಂದಾಗ ಆಂಟೆನಾದ ಮುಖ ನೇರವಾಗಿ ಕಾಣುವ ಮಹಡಿಯನ್ನೇ ತೋರಿಸಿ, ಬುಡದ ಅಂಗಳವನ್ನಲ್ಲ.